ಜಿಂಕೆಗೂ ಎಲ್ಕ್‌ಗೂ ಒಂದೇ ರೈಫಲ್: ಯಾವ ಕ್ಯಾಲಿಬರ್ ಕೊಳ್ಳಲಿ?

ಪ್ರಶ್ನೆ: ನಾನು ಕೊಡಗಿನವನು. ಕೊಲರಾಡೊದ ಡೆನ್ವರ್ ಬಳಿ ನೆಲೆಸಿ ಹಲವು ವರ್ಷಗಳಾದವು, ಗ್ರೀನ್ ಕಾರ್ಡ್ ಇದೆ. ಊರಿನ ಮನೆಯಲ್ಲಿ ಹನ್ನೆರಡು ಬೋರಿನ ತೋಟಾ ಕೋವಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸವಿದೆ. ರೈಫಲ್ ಮಾತ್ರ ಹೊಸದು. ಮುಂದಿನ ಹಂಗಾಮಿನಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಮ್ಯೂಲ್ ಡಿಯರ್ ಎಂಬ ಜಿಂಕೆ ಮತ್ತು ಎಲ್ಕ್ ಬೇಟೆಗೆ ಹೋಗಬೇಕೆಂದಿದ್ದೇನೆ. .300 ವಿಂಚೆಸ್ಟರ್ ಮ್ಯಾಗ್ನಮ್ ಇಲ್ಲದೆ ಎಲ್ಕ್ ಬೀಳುವುದಿಲ್ಲ ಎನ್ನುತ್ತಾರೆ ಅಂಗಡಿಯವರು. 6.5 ಕ್ರೀಡ್‌ಮೋರ್ ಸಾಕು ಎನ್ನುತ್ತಾರೆ ಸಹೋದ್ಯೋಗಿ. ಅವರ ತಂದೆಯ ಬಾಯಲ್ಲಿ .30-06 ಬಿಟ್ಟು ಬೇರೆ ಹೆಸರೇ ಬರುವುದಿಲ್ಲ. ನನ್ನ ಪತ್ನಿಗೂ ಜಿಂಕೆ ಬೇಟೆಯಲ್ಲಿ ಆಸಕ್ತಿ ಇದೆ, ಅವರದು ಸಣ್ಣ ಮೈಕಟ್ಟು. ಎರಡು ರೈಫಲ್ ಕೊಳ್ಳುವ ಉದ್ದೇಶವಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಸುತ್ತಿ ಬಳಸದೆ ಹೇಳಿಬಿಡುತ್ತೇನೆ: .308 ವಿಂಚೆಸ್ಟರ್ ಕೊಳ್ಳಿ. ನಿಮಗೆ ಸಲಹೆ ಕೊಟ್ಟ ಮೂವರಲ್ಲಿ ಯಾರೂ ಪೂರ್ತಿ ತಪ್ಪು ಹೇಳಿಲ್ಲ. ಸಹೋದ್ಯೋಗಿಯ ತಂದೆಯವರಂತೂ ನೂರು ವರ್ಷ ಮೀರಿದ ಅನುಭವವನ್ನು ಬೆನ್ನಿಗಿಟ್ಟುಕೊಂಡೇ ಮಾತಾಡುತ್ತಿದ್ದಾರೆ. ಆದರೆ ಮೂವರೂ ಲೆಕ್ಕ ಹಾಕಿರುವುದು ತಮ್ಮ ತಮ್ಮ ಹೆಗಲನ್ನು ನೋಡಿಕೊಂಡು. ರೈಫಲ್ಲಿಗೆ ಹೊಸಬರಾದ ಇಬ್ಬರು ಒಂದೇ ಬಂದೂಕನ್ನು ಹಂಚಿಕೊಳ್ಳುವಾಗ ಮೊದಲು ತೂಗಬೇಕಾದದ್ದು ಅದರ ಒದೆತವನ್ನು. ಎರಡನೆಯದು ಗುಂಡಿನ ರಚನೆ. ನಳಿಗೆಯ ಒಳವ್ಯಾಸ ಹೇಳುವ ಕ್ಯಾಲಿಬರ್ ಎಂಬ ಸಂಖ್ಯೆಗೆ ನಾನು ಕೊಡುವುದು ಮೂರನೆಯ ಸ್ಥಾನ. ಅಂಗಡಿಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ, ಏಕೆಂದರೆ ಸಂಖ್ಯೆಯನ್ನು ಮಾರುವುದು ಸುಲಭ.

ಮೊದಲು ಪ್ರಾಣಿಗಳ ಗಾತ್ರ ತಿಳಿದಿರಲಿ. ನಾಗರಹೊಳೆಯಲ್ಲಿ ನೀವು ನೋಡಿರುವ ಚುಕ್ಕೆ ಜಿಂಕೆಯ ಗಂಡು ಎಪ್ಪತ್ತು ಕಿಲೋ ತೂಗಿದರೆ ದಷ್ಟಪುಷ್ಟವಾದದ್ದೇ. ಮ್ಯೂಲ್ ಡಿಯರ್‌ನ ಬೆಳೆದ ಗಂಡು ಅದನ್ನು ಸುಲಭವಾಗಿ ಮೀರಿಸುತ್ತದೆ, ನೂರು ಕಿಲೋ ದಾಟಿದವು ಅಪರೂಪವೇನಲ್ಲ. ಎಲ್ಕ್ ನಮ್ಮ ಕಡವೆಯ ಸಾಲಿಗೆ ಸೇರಿದ ಪ್ರಾಣಿ, ಆದರೆ ಕಡವೆಗಿಂತ ಭಾರಿ. ರಾಕಿ ಪರ್ವತಗಳ ಹೆಣ್ಣು ಎಲ್ಕ್ ಸುಮಾರು 225 ಕಿಲೋ, ಗಂಡು ಸುಮಾರು 320 ಕಿಲೋ. ಭುಜದ ಮೂಳೆ ದಪ್ಪ, ಚರ್ಮ ದಪ್ಪ, ಜೀವವೂ ಗಟ್ಟಿ. ಎರಡೂ ಶ್ವಾಸಕೋಶ ತೂತಾದ ಎಲ್ಕ್ ಏನೂ ಆಗದಂತೆ ಕೆಲವು ಕ್ಷಣ ನಿಂತೇ ಇರುವುದುಂಟು. ದೊಡ್ಡ ಬಂದೂಕೇ ಬೇಕೆಂಬ ಮಾತು ಹುಟ್ಟಿದ್ದು ಈ ದೃಶ್ಯದಿಂದ. ಹೀಗಾಗಿ ಒಂದೇ ರೈಫಲ್ ಎಂದಾದರೆ ಎಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು. ಎಲ್ಕ್‌ಗೆ ಸಾಲುವುದು ಜಿಂಕೆಗೆ ಧಾರಾಳವಾಗಿ ಸಾಲುತ್ತದೆ.

ಕೊಲರಾಡೊದ ಕಾನೂನು ಕನಿಷ್ಠ ಮಿತಿಗಳನ್ನು ಸ್ಪಷ್ಟವಾಗಿ ಹೇಳಿದೆ. ಜಿಂಕೆಗಾಗಲಿ ಎಲ್ಕ್‌ಗಾಗಲಿ ರೈಫಲ್ .24 ಕ್ಯಾಲಿಬರ್‌ಗಿಂತ, ಅಂದರೆ 6 ಮಿಲಿಮೀಟರ್‌ಗಿಂತ ಚಿಕ್ಕದಿರಕೂಡದು. ನಳಿಗೆ 16 ಇಂಚಿಗಿಂತ ಗಿಡ್ಡವಿರಕೂಡದು. ಗುಂಡು ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ ಕನಿಷ್ಠ 85 ಗ್ರೇನ್ ತೂಗಬೇಕು, ಒಳಹೊಕ್ಕ ಮೇಲೆ ಅರಳುವ ಬಗೆಯದಾಗಿರಬೇಕು, ನೂರು ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರಬೇಕು. ಗ್ರೇನ್ ಎಂಬ ಅಳತೆ ನಿಮಗೆ ಹೊಸದಾದರೆ, ಒಂದು ಗ್ರೇನ್ ಎಂದರೆ 0.0648 ಗ್ರಾಂ, 165 ಗ್ರೇನ್‌ನ ಗುಂಡು 10.7 ಗ್ರಾಂ ತೂಗುತ್ತದೆ. ಈ ಲೆಕ್ಕದಲ್ಲಿ .243 ವಿಂಚೆಸ್ಟರ್ ಕೂಡ ಎಲ್ಕ್‌ಗೆ ಕಾನೂನುಬದ್ಧವೇ. ಕಾನೂನುಬದ್ಧವಾದದ್ದೆಲ್ಲ ಬುದ್ಧಿವಂತಿಕೆಯದಲ್ಲ ಎಂಬುದನ್ನು ಮುಂದೆ ನೋಡೋಣ. ಇವು ಕೊಲರಾಡೊದ ನಿಯಮಗಳು. ನೆಂಟರ ಮನೆಗೆಂದು ಓಹಾಯೊಗೆ ಹೋಗಿ ಇದೇ ರೈಫಲ್ಲಿನಿಂದ ಜಿಂಕೆ ಹೊಡೆಯುತ್ತೇನೆಂದರೆ ಆಗುವುದಿಲ್ಲ. ಅಲ್ಲಿ ಜಿಂಕೆಗೆ ನೇರ ಗೋಡೆಯ ತೋಟಾ ಬಳಸುವ ರೈಫಲ್‌ಗಳಿಗಷ್ಟೇ ಅನುಮತಿ, ಕತ್ತು ಸಣ್ಣದಾದ .308ರಂಥ ತೋಟಾಗಳಿಗೆ ಇಲ್ಲ.

ಹೆಸರುಗಳ ಗೋಜಲನ್ನೂ ಬಿಡಿಸಿಕೊಳ್ಳಿ. ಅಂಗಡಿಯವರು ಹೇಳಿದ .300 ಮ್ಯಾಗ್ನಮ್, ತಂದೆಯವರ .30-06, ನಾನು ಹೇಳಿದ .308, ಈ ಮೂರರ ಗುಂಡಿನ ವ್ಯಾಸವೂ ಒಂದೇ: 0.308 ಇಂಚು. ಬೇಕಾದರೆ ಒಂದೇ 180 ಗ್ರೇನ್‌ನ ಗುಂಡನ್ನು ಮೂರರಲ್ಲೂ ತುಂಬಬಹುದು. ವ್ಯತ್ಯಾಸ ಇರುವುದು ಗುಂಡಿನ ಹಿಂದಿನ ಮದ್ದಿನಲ್ಲಿ. .308ರಲ್ಲಿ ಅದು ಸೆಕೆಂಡಿಗೆ ಸುಮಾರು 2,620 ಅಡಿ ವೇಗದಲ್ಲಿ ಹೊರಡುತ್ತದೆ, .30-06ರಲ್ಲಿ 2,700, .300 ಮ್ಯಾಗ್ನಮ್‌ನಲ್ಲಿ 2,960. ನೀವು ಕೊಳ್ಳುತ್ತಿರುವುದು ಕ್ಯಾಲಿಬರನ್ನಲ್ಲ, ತೋಟಾವನ್ನು. ಆ ಹೆಚ್ಚುವರಿ ಮುನ್ನೂರ ನಲವತ್ತು ಅಡಿ ವೇಗಕ್ಕೆ ಬೆಲೆ ಎಷ್ಟು, ಲಾಭ ಎಷ್ಟು ಎಂಬುದೇ ಇಲ್ಲಿರುವ ಪ್ರಶ್ನೆ.

ಲಾಭದ ಬಗ್ಗೆ ಬರುವ ಮೊದಲ ಮಾತು ‘ಕೆಡವುವ ಶಕ್ತಿ’. ದೊಡ್ಡ ಗುಂಡು ಪ್ರಾಣಿಯನ್ನು ತಳ್ಳಿ ಬೀಳಿಸುತ್ತದೆ ಎಂಬ ನಂಬಿಕೆ. ಪಿಯುಸಿಯ ಭೌತಶಾಸ್ತ್ರ ಸಾಕು ಇದನ್ನು ಪರೀಕ್ಷಿಸಲು. 11.7 ಗ್ರಾಂ ತೂಕದ ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿ 320 ಕಿಲೋದ ಎಲ್ಕ್‌ಗೆ ಬಡಿದು ಒಳಗೇ ನಿಂತಿತು ಎನ್ನಿ. ಗುಣಿಸಿ ಭಾಗಿಸಿದರೆ ಆ ಎಲ್ಕ್‌ಗೆ ಸಿಗುವ ವೇಗ ಸೆಕೆಂಡಿಗೆ ಮೂರು ಚಿಲ್ಲರೆ ಸೆಂಟಿಮೀಟರ್. ಅದೂ ನಳಿಗೆಯ ಬಾಯಿಗೇ ಪ್ರಾಣಿ ನಿಂತಿದ್ದರೆ. ಗುಂಡು ಪ್ರಾಣಿಯನ್ನು ಕೆಡವುವುದಿಲ್ಲ. ಕೆಡವುವಷ್ಟು ಬಲ ಅದರಲ್ಲಿದ್ದಿದ್ದರೆ ಹಾರಿಸಿದವನೂ ಹಿಂದಕ್ಕೆ ಬೀಳಬೇಕಿತ್ತು. ಪ್ರಾಣಿ ಬೀಳುವುದು ಹೃದಯ-ಶ್ವಾಸಕೋಶಗಳು ಹರಿದು ರಕ್ತದೊತ್ತಡ ಕುಸಿದು ಮೆದುಳಿಗೆ ಆಮ್ಲಜನಕ ನಿಂತಾಗ, ಇಲ್ಲವೇ ಬೆನ್ನುಹುರಿ ಕಡಿದಾಗ. ಗುಂಡಿನ ಕೆಲಸ ಇಷ್ಟೇ: ಸರಿಯಾದ ಜಾಗದಲ್ಲಿ ಹೊಕ್ಕು, ಅರಳಿ, ಅಗಲವಾದ ದಾರಿ ಕೊರೆದುಕೊಂಡು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬೀಳುವುದು.

ಆ ಕೆಲಸ ಆಗುವುದೋ ಬಿಡುವುದೋ ಎಂಬುದನ್ನು ತೀರ್ಮಾನಿಸುವುದು ಗುಂಡಿನ ಕಟ್ಟುವಿಕೆ. ಇದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಸಾಕ್ಷಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಬೇಟೆಗಾರರದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರು ಎಲ್ಕ್‌ಗಿಂತಲೂ ದೊಡ್ಡದಾದ ಮೂಸ್ ಎಂಬ ಪ್ರಾಣಿಯ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್. ಆ ಕಾಲಕ್ಕೆ ಬಲವೆಂದರೆ ಅದೇ. ಮೂಸ್‌ಗೆ ಗುಂಡಿನ ಮೇಲೆ ಗುಂಡು ತಗುಲಿದರೂ ಅದು ಬೀಳಲಿಲ್ಲ. ವೇಗ ಹೆಚ್ಚಾಗಿ ಗುಂಡುಗಳು ಆಳಕ್ಕೆ ಇಳಿಯುವ ಮೊದಲೇ ಸಿಡಿದು ಚೂರಾಗಿದ್ದವು. ನಾಸ್ಲರ್ ಮನೆಗೆ ಮರಳಿ ಬಂದೂಕನ್ನು ಬದಲಿಸಲಿಲ್ಲ, ಗುಂಡನ್ನು ಬದಲಿಸಿದರು. ತಾಮ್ರದ ಕವಚದ ನಡುವೆ ಒಂದು ಅಡ್ಡಗೋಡೆ ಬಿಟ್ಟು, ಮುಂದಿನ ಸೀಸ ಅರಳಿದರೂ ಹಿಂದಿನ ಸೀಸ ಅಲುಗದೆ ಮುನ್ನುಗ್ಗುವಂತೆ ಮಾಡಿದರು. ‘ಪಾರ್ಟಿಷನ್’ ಎಂಬ ಆ ಗುಂಡು 1948ರಲ್ಲಿ ಮಾರುಕಟ್ಟೆಗೆ ಬಂತು, ಇಂದಿಗೂ ಮಾರಾಟದಲ್ಲಿದೆ. ಮ್ಯಾಗ್ನಮ್‌ನ ವೇಗಕ್ಕೆ ಕೆಟ್ಟ ಗುಂಡು ಜೊತೆಯಾದರೆ ಆ ವೇಗವೇ ಮುಳುವಾಗುತ್ತದೆ ಎಂಬುದು ಅಂಗಡಿಯ ಕಟ್ಟೆಯ ಮೇಲೆ ಯಾರೂ ಹೇಳದ ಮಾತು.

ಎಲ್ಕ್ ಸುಲಿಯುವಾಗ ಆಚೆ ಬದಿಯ ಪಕ್ಕೆಯಲ್ಲಿ, ಚರ್ಮದ ಒಳಮೈಗೆ ಅಂಟಿಕೊಂಡಂತೆ, ಬೆರಳಿಗೆ ಗಟ್ಟಿಯಾಗಿ ಏನೋ ಸಿಗುವುದುಂಟು. ಕೊಯ್ದು ತೆಗೆದರೆ ಗುಂಡು. ಒಳ್ಳೆಯ ಗುಂಡಾಗಿದ್ದರೆ ಮೂತಿ ಅಣಬೆಯಂತೆ ಅರಳಿ ಮೂಲ ವ್ಯಾಸದ ಸುಮಾರು ಎರಡರಷ್ಟಾಗಿರುತ್ತದೆ, ಬುಡ ಹಾಗೇ ಇರುತ್ತದೆ, ತಕ್ಕಡಿಗೆ ಹಾಕಿದರೆ ಮೊದಲಿನ ತೂಕದ ಬಹುಪಾಲು ಉಳಿದಿರುತ್ತದೆ. ಅಗ್ಗದ ಗುಂಡಾಗಿದ್ದರೆ ಸಿಗುವುದು ಮುದುಡಿದ ತಾಮ್ರದ ಸಿಪ್ಪೆ. ಸೀಸ ಚೂರುಚೂರಾಗಿ ಮಾಂಸದಲ್ಲೆಲ್ಲೋ ಸೇರಿಹೋಗಿರುತ್ತದೆ. ತೆಳುವಾದ ಜಿಂಕೆಗೆ ಆ ಅಗ್ಗದ ಗುಂಡೂ ಸಾಕಾಗುತ್ತದೆ, ಬೇಗ ಅರಳುವುದರಿಂದ ಕೆಲವೊಮ್ಮೆ ಇನ್ನೂ ಚುರುಕಾಗಿಯೇ ಕೊಲ್ಲುತ್ತದೆ. ಎಲ್ಕ್‌ನ ಭುಜದ ಮೂಳೆಗೆ ತಗುಲಿದರೆ ಅದು ನಂಬಿಕೆಗೆ ಅರ್ಹವಲ್ಲ.

ಆದ್ದರಿಂದ ಪೆಟ್ಟಿಗೆಯ ಮೇಲೆ ಏನಿದೆ ಎಂದು ಓದಿ ಕೊಳ್ಳಿ. ಎಲ್ಕ್‌ಗೆ ಎರಡು ಬಗೆಯ ಗುಂಡುಗಳನ್ನು ನಾನು ಒಪ್ಪುತ್ತೇನೆ. ಒಂದು, ಸೀಸವನ್ನು ಕವಚಕ್ಕೆ ಬೆಸೆದ ‘ಬಾಂಡೆಡ್’ ಗುಂಡು ಅಥವಾ ಮೇಲೆ ಹೇಳಿದ ಪಾರ್ಟಿಷನ್; .308ರಲ್ಲಿ 165 ಅಥವಾ 180 ಗ್ರೇನ್. ಇನ್ನೊಂದು, ಸೀಸವೇ ಇಲ್ಲದ ಇಡೀ ತಾಮ್ರದ ಗುಂಡು. ಬಾರ್ನ್ಸ್ ಕಂಪನಿ 1989ರಲ್ಲಿ ತಂದ ಎಕ್ಸ್ ಗುಂಡಿನಿಂದ ಇವು ಜನಪ್ರಿಯವಾದವು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದ ಮೇಲೆ ಇನ್ನಷ್ಟು ಬಗೆಗಳು ಬಂದಿವೆ. ತಾಮ್ರದ ಗುಂಡು ತೂಕ ಕಳೆದುಕೊಳ್ಳುವುದಿಲ್ಲವಾದ್ದರಿಂದ 150 ಗ್ರೇನ್‌ನದೇ ಎಲ್ಕ್‌ಗೆ ಸಾಕು. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸವಾದರೆ ನಾನು ತಾಮ್ರದ ಕಡೆಗೇ ವಾಲುತ್ತೇನೆ. ಸೀಸದ ಸಣ್ಣ ಚೂರುಗಳು ಗಾಯದಿಂದ ಸಾಕಷ್ಟು ದೂರದವರೆಗೂ ಹರಡುತ್ತವೆ, ಕಣ್ಣಿಗೂ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ.

ಈಗ ತೋಟಾಗಳ ಪಂಕ್ತಿಗೆ ಬರೋಣ. ಎಲ್ಲವನ್ನೂ ಸಮನಾಗಿ ಹೊಗಳುವ ವ್ಯವಧಾನ ನನಗಿಲ್ಲ.

.243 ವಿಂಚೆಸ್ಟರ್ 1955ರಲ್ಲಿ ಬಂದದ್ದು, .308ರ ಕತ್ತನ್ನು ಸಣ್ಣದಾಗಿಸಿ ಮಾಡಿದ್ದು. 100 ಗ್ರೇನ್‌ನ ಗುಂಡು, ಮೆತ್ತನೆಯ ಒದೆತ, ಜಿಂಕೆಗೆ ಸೊಗಸಾದ ಆಯ್ಕೆ. ಎಲ್ಕ್‌ಗೆ ಇದನ್ನು ಬಳಸಿ ಯಶಸ್ವಿಯಾದವರಿದ್ದಾರೆ. ಅವರು ಪ್ರಾಣಿ ಅಡ್ಡ ನಿಲ್ಲುವವರೆಗೂ ಕಾಯಬಲ್ಲವರು, ಅಡ್ಡ ನಿಲ್ಲದಿದ್ದರೆ ಬರಿಗೈಯಲ್ಲಿ ಇಳಿದು ಬರಬಲ್ಲವರು. ಹೊಸಬರಿಗೆ ಆ ಸಂಯಮವನ್ನು ಮೊದಲ ವರ್ಷದಲ್ಲೇ ಕೇಳುವುದು ತರವಲ್ಲ.

ಸಹೋದ್ಯೋಗಿ ಹೇಳಿದ 6.5 ಕ್ರೀಡ್‌ಮೋರ್ ಅನ್ನು ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗೆಂದು ರೂಪಿಸಿತು. ಉದ್ದನೆಯ, ಗಾಳಿಯನ್ನು ಚೆನ್ನಾಗಿ ಸೀಳುವ ಗುಂಡು, ಒದೆತ ಕಡಿಮೆ, ನಿಖರತೆಯಲ್ಲಿ ಎರಡು ಮಾತಿಲ್ಲ. ಎಲ್ಕ್‌ಗೆ 1,500 ಅಡಿ-ಪೌಂಡ್ ಉಳಿದಿರಬೇಕು ಎಂಬುದು ಬೇಟೆಗಾರರ ನಡುವಿನ ರೂಢಿಯ ಲೆಕ್ಕ. ಅದು ಕಾನೂನಲ್ಲ, ವಿಜ್ಞಾನವೂ ಅಲ್ಲ, ಆದರೂ ಕೈಗೆ ಸಿಗುವ ಒಂದು ಅಳತೆಗೋಲು. 143 ಗ್ರೇನ್‌ನ ಕ್ರೀಡ್‌ಮೋರ್ ನಾನೂರು ಗಜ ಮುಟ್ಟುವ ಹೊತ್ತಿಗೆ ಆ ಗೆರೆಯ ಕೆಳಗಿಳಿಯುತ್ತದೆ. ಮುನ್ನೂರು ಗಜದೊಳಗೆ, ಗಟ್ಟಿ ಗುಂಡಿನೊಂದಿಗೆ, ಇದು ಎಲ್ಕ್ ಬಂದೂಕೇ. ನಿಮ್ಮ ಸಹೋದ್ಯೋಗಿಯನ್ನು ಗೇಲಿ ಮಾಡುವವರ ಜೊತೆ ಸೇರಬೇಡಿ.

7ಎಂಎಂ-08 ರೆಮಿಂಗ್ಟನ್ ಎಂಬ ತೋಟಾ ಕೂಡ .308ರ ಸಂತಾನ, 1980ರದ್ದು. ಇದರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ ರೈಫಲ್ .275 ರಿಗ್ಬಿ, ಅಂದರೆ 7×57 ಮೌಸರ್. ಇಂದಿನ 7ಎಂಎಂ-08 ಹೆಚ್ಚುಕಡಿಮೆ ಅದೇ ಗುಂಡನ್ನು ಅದೇ ವೇಗದಲ್ಲಿ, ಗಿಡ್ಡ ತೋಟಾದಿಂದ ಕಳುಹಿಸುತ್ತದೆ. .308ಕ್ಕೆ ನನ್ನ ಬದಲಿ ಆಯ್ಕೆ ಯಾವುದು ಎಂದು ಕೇಳಿದರೆ ಇದೇ. ಒಂದೇ ಕೊರತೆ: ಬೆಟ್ಟದ ಬುಡದ ಸಣ್ಣ ಊರಿನ ಅಂಗಡಿಯಲ್ಲಿ ಇದರ ತೋಟಾ ಸಿಗದಿರಬಹುದು. .308, .30-06, .270 ಇಲ್ಲದ ಅಂಗಡಿ ಅಪರೂಪ.

.270 ವಿಂಚೆಸ್ಟರ್ 1925ರಿಂದ ಬಳಕೆಯಲ್ಲಿದೆ. ಬೇಟೆಯ ಬಗ್ಗೆ ಬರೆಯುತ್ತಿದ್ದ ಜ್ಯಾಕ್ ಓಕಾನರ್ ಜೀವನವಿಡೀ ಅದರ ಪರವಾಗಿ ವಾದಿಸಿ ಅದನ್ನು ಪಶ್ಚಿಮದ ಬೆಟ್ಟಗಳ ನೆಚ್ಚಿನ ತೋಟಾವಾಗಿಸಿದರು. 130 ಗ್ರೇನ್‌ನ ಗುಂಡು ಮೂರು ಸಾವಿರ ಅಡಿಗೂ ಮಿಗಿಲಾದ ವೇಗದಲ್ಲಿ ಬಹಳ ನೇರವಾಗಿ ಹೋಗುತ್ತದೆ. ನೀವು ಒಬ್ಬರೇ ಬೇಟೆಗೆ ಹೋಗುವವರಾಗಿದ್ದರೆ .270ಗೂ .308ಗೂ ನಡುವೆ ನಾಣ್ಯ ಚಿಮ್ಮಿ ನಿರ್ಧರಿಸಿ ಎನ್ನುತ್ತಿದ್ದೆ.

.30-06 ಬಗ್ಗೆ ಹೇಳುವುದು ಕಡಿಮೆ. 1906ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ್ದರಿಂದ ಆ ಹೆಸರು. ಎಲ್ಕ್‌ಗೆ ಬೇಕಾದದ್ದೆಲ್ಲ ಅದರಲ್ಲಿದೆ. ಸಹೋದ್ಯೋಗಿಯ ತಂದೆ ತಮ್ಮ ಹಳೆಯ ರೈಫಲ್ಲನ್ನೇ ನಿಮಗೆ ಮಾರುತ್ತೇನೆಂದರೆ, ನಳಿಗೆ ಚೆನ್ನಾಗಿದ್ದರೆ, ನನ್ನ ಸಲಹೆಯನ್ನು ಬದಿಗಿಟ್ಟು ಅದನ್ನೇ ತೆಗೆದುಕೊಳ್ಳಿ. ಮಾರಾಟ ಮಾತ್ರ ಪರವಾನಗಿ ಪಡೆದ ವ್ಯಾಪಾರಿಯ ಮೂಲಕ, ಹಿನ್ನೆಲೆ ತಪಾಸಣೆಯೊಂದಿಗೆ ಆಗಬೇಕು. ಕೊಲರಾಡೊದಲ್ಲಿ ಪರಿಚಿತರ ನಡುವಿನ ಮಾರಾಟಕ್ಕೂ ಈ ನಿಯಮವಿದೆ.

ಇನ್ನುಳಿದದ್ದು ಮ್ಯಾಗ್ನಮ್‌ಗಳು. 1962ರ 7ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್, 2022ರ 7ಎಂಎಂ ಪಿಆರ್‌ಸಿ. ಕೆಲವು ವರ್ಷಗಳಿಗೊಂದು ಹೊಸ ಹೆಸರು ಬರುತ್ತದೆ, ಹಳೆಯ ಎಲ್ಕ್ ಮಾತ್ರ ಹಾಗೇ ಇದೆ. ಇವು ಕೆಟ್ಟವಲ್ಲ. ನಾನೂರು ಗಜಕ್ಕೆ ನಿಜವಾಗಿ ಹೊಡೆಯಬಲ್ಲವರ ಕೈಯಲ್ಲಿ ಇವಕ್ಕೆ ಅರ್ಥವಿದೆ. ಆದರೆ ಲಾಭವನ್ನು ಇಂಚಿನಲ್ಲಿ ನೋಡಿ: 200 ಗಜಕ್ಕೆ ಗುರಿ ಹೊಂದಿಸಿದ .308ರ 165 ಗ್ರೇನ್ ಗುಂಡು 300 ಗಜದಲ್ಲಿ ಸುಮಾರು ಎಂಟೂವರೆ ಇಂಚು ಕೆಳಗಿಳಿಯುತ್ತದೆ. .300 ಮ್ಯಾಗ್ನಮ್‌ನ 180 ಗ್ರೇನ್ ಗುಂಡು ಸುಮಾರು ಏಳು ಇಂಚು. ಎಲ್ಕ್‌ನ ಎದೆಗೂಡಿನಲ್ಲಿ ಹೃದಯ-ಶ್ವಾಸಕೋಶದ ಜಾಗ ಒಂದಡಿಗೂ ಮಿಗಿಲು. ಆ ಒಂದೂವರೆ ಇಂಚಿಗಾಗಿ ನೀವು ತೆರುವ ಬೆಲೆ ಹೆಗಲಿಗೆ ಬೀಳುತ್ತದೆ.

ಬೆಲೆ ಇಷ್ಟು. ಗುರಿ ನೋಡುವ ದುರ್ಬೀನಾದ ಸ್ಕೋಪ್ ಸೇರಿ ಸುಮಾರು ಎಂಟು ಪೌಂಡ್ ತೂಗುವ ರೈಫಲ್ಲಿನಲ್ಲಿ ಒದೆತದ ಶಕ್ತಿ .243ಕ್ಕೆ ಒಂಬತ್ತು-ಹತ್ತು ಅಡಿ-ಪೌಂಡ್, ಕ್ರೀಡ್‌ಮೋರ್‌ಗೆ ಹನ್ನೆರಡರ ಆಸುಪಾಸು, .308 ಮತ್ತು .270ಕ್ಕೆ ಹದಿನೇಳರ ಆಸುಪಾಸು, .30-06ಕ್ಕೆ ಇಪ್ಪತ್ತು, .300 ಮ್ಯಾಗ್ನಮ್‌ಗೆ ಇಪ್ಪತ್ತಾರು ಅಥವಾ ಇನ್ನೂ ಹೆಚ್ಚು. ಹನ್ನೆರಡು ಬೋರಿನ ಕೋವಿ ಹೊಡೆದವನಿಗೆ ಇದೇನು ಮಹಾ ಎಂದು ನಿಮಗನಿಸಬಹುದು. ಕೋವಿಯ ಒದೆತವೂ ಕಡಿಮೆಯಲ್ಲ ನಿಜ, ಆದರೆ ಹಬ್ಬದ ದಿನ ನಿಂತುಕೊಂಡು ಹೊಡೆಯುವ ನಾಲ್ಕು ಈಡು ಬೇರೆ. ರೈಫಲ್ಲಿನಲ್ಲಿ ಮೇಜಿಗೆ ಮೈ ಒರಗಿಸಿ, ಸ್ಕೋಪಿಗೆ ಮೂರ್ನಾಲ್ಕು ಇಂಚು ಹತ್ತಿರ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಮುಂದೇನಾಗುತ್ತದೆ ಎಂದು ಗೊತ್ತಿದ್ದೇ ನಲವತ್ತು ಬಾರಿ ಟ್ರಿಗರ್ ಒತ್ತುವುದು ಬೇರೆ. ಹತ್ತನೆಯ ಗುಂಡಿನ ಹೊತ್ತಿಗೆ ಮೈ ತಾನಾಗಿಯೇ ಬೆಚ್ಚಲು ಕಲಿತುಬಿಡುತ್ತದೆ.

ಹೊಸಬರಿಗೆ ಗುರಿ ಕಲಿಸುವಾಗ ಇದನ್ನು ತೋರಿಸಲು ನಾನು ಬಳಸುವ ಉಪಾಯ ಹಳೆಯದು. ಕಲಿಯುವವರು ಆಚೆ ನೋಡುತ್ತಿರುವಾಗ ಅವರ ರೈಫಲ್ಲಿಗೆ ಒಮ್ಮೆ ನಿಜವಾದ ತೋಟಾ ಹಾಕುತ್ತೇನೆ, ಒಮ್ಮೆ ಮದ್ದಿಲ್ಲದ ಡಮ್ಮಿ ತೋಟಾ. ಯಾವುದಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಡಮ್ಮಿ ಇದ್ದಾಗ ಟ್ರಿಗರ್ ಒತ್ತಿದರೆ ಕೇಳಿಸುವುದು ‘ಟಕ್’ ಎಂಬ ಸದ್ದು ಮಾತ್ರ. ಆ ಕ್ಷಣದಲ್ಲಿ ನಳಿಗೆಯ ತುದಿಯನ್ನು ನೋಡಬೇಕು. ಬೆಚ್ಚುವವರ ನಳಿಗೆ ಒಂದು ಗೇಣು ಕೆಳಕ್ಕೆ ಕುಸಿಯುತ್ತದೆ, ಎಡಗಣ್ಣು ಬಲಗಣ್ಣು ಎರಡೂ ಮುಚ್ಚಿರುತ್ತವೆ, ಹೆಗಲು ಮುಂದಕ್ಕೆ ನುಗ್ಗಿರುತ್ತದೆ. ಅವರ ಮುಖದಲ್ಲಿ ಮೂಡುವ ಅಚ್ಚರಿಗೆ ವಿವರಣೆಯೇ ಬೇಡ. ಗುಂಡು ಹಾರಿದಾಗ ಒದೆತದ ಗದ್ದಲದಲ್ಲಿ ಇದೆಲ್ಲ ಮುಚ್ಚಿಹೋಗಿರುತ್ತದೆ. ರೈಫಲ್ ಸರಿಯಿಲ್ಲ, ಸ್ಕೋಪ್ ಸರಿಯಿಲ್ಲ ಎಂದು ಅವರು ದೂರುತ್ತಿರುತ್ತಾರೆ. ಭಾರಿ ಮ್ಯಾಗ್ನಮ್ ಹಿಡಿದು ಬಂದ ಕಟ್ಟುಮಸ್ತಾದ ಗಂಡಸರೇ ಈ ಪರೀಕ್ಷೆಯಲ್ಲಿ ಹೆಚ್ಚು ಸೋಲುತ್ತಾರೆ. ನಳಿಗೆಯ ತುದಿಗೆ, ಮದ್ದಿನ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಮಜಲ್ ಬ್ರೇಕ್ ಹಾಕಿಸಿದರೆ ಒದೆತ ಇಳಿಯುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಇಳಿಯುತ್ತದೆ, ಆದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ಸಿಡಿಯುತ್ತದೆ. ಕಾಡಿನಲ್ಲಿ ಕಿವಿ ಮುಚ್ಚಿಕೊಳ್ಳದೆ ಅದನ್ನು ಒಮ್ಮೆ ಹಾರಿಸಿದರೂ ಕಿವಿಗೆ ಶಾಶ್ವತ ಹಾನಿ ಆಗಬಹುದು. ಪಕ್ಕದಲ್ಲಿ ಕುಳಿತವರ ಕಿವಿಯೂ ಹೋಗುತ್ತದೆ.

ಈ ಎಲ್ಲ ತೂಗಾಟದ ನಡುವೆ .308 ನಿಲ್ಲುವುದು ಸರಿಯಾಗಿ ಮಧ್ಯದಲ್ಲಿ. 1952ರಿಂದ ಬಳಕೆಯಲ್ಲಿರುವ, ಸೇನೆಯ 7.62 ನೇಟೊ ತೋಟಾದ ನಾಗರಿಕ ಜೋಡಿಯಾದ ಇದಕ್ಕೆ ಅಭ್ಯಾಸದ ತೋಟಾಗಳು ಬೇರೆ ಹಲವು ಬೇಟೆ ತೋಟಾಗಳಿಗಿಂತ ಅಗ್ಗವಾಗಿ ಸಿಗುತ್ತವೆ. ತೋಟಾ ಗಿಡ್ಡವಾದ್ದರಿಂದ ಅದನ್ನು ಒಳಗೆ ತಳ್ಳುವ ಬೋಲ್ಟ್‌ನ ಚಲನೆಯೂ ಗಿಡ್ಡ, ರೈಫಲ್ ಸ್ವಲ್ಪ ಹಗುರ. ನಿಮ್ಮ ಪತ್ನಿಯ ವಿಷಯದಲ್ಲಿ ಇದು ಇನ್ನೂ ಅನುಕೂಲ. ಒದೆತ ತಗ್ಗಿಸಿದ ಹಗುರ ಗುಂಡಿನ ತೋಟಾಗಳನ್ನು ಹಲವು ತಯಾರಕರು .308ಕ್ಕೆಂದೇ ಮಾಡುತ್ತಾರೆ; ಇನ್ನೂರು ಗಜದೊಳಗಿನ ಜಿಂಕೆಗೆ ಅವು ಸಾಕು. ಆದರೆ ಅದಕ್ಕಿಂತ ಮುಖ್ಯವಾದದ್ದು ಹಿಡಿಯ, ಅಂದರೆ ಹೆಗಲಿಗೆ ಆನಿಸುವ ಹಿಂಭಾಗದ, ಉದ್ದ. ಹಿಡಿ ಉದ್ದವಾಗಿದ್ದರೆ ಕತ್ತು ಚಾಚಬೇಕಾಗುತ್ತದೆ, ರೈಫಲ್ ಹೆಗಲಿನ ಬದಲು ತೋಳಿಗೆ ಒದೆಯುತ್ತದೆ, ಎಷ್ಟೇ ಮೆತ್ತನೆಯ ತೋಟಾ ಹಾಕಿದರೂ ನೋವಾಗುತ್ತದೆ. ಬಿಲ್ಲೆಗಳನ್ನು ತೆಗೆದು ಸೇರಿಸಿ ಹಿಡಿಯ ಉದ್ದ ಬದಲಿಸಬಹುದಾದ ಮಾದರಿಯನ್ನೇ ಆರಿಸಿ. ಪತ್ನಿಯವರು ಅಂಗಡಿಗೆ ಬರಲಿ, ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ರೈಫಲ್ ಹೆಗಲಿಗೇರಿಸಿ ನೋಡಲಿ. ಬೇಟೆ ನಡೆಯುವುದು ಆ ಜಾಕೆಟ್‌ನಲ್ಲಿ. ಅವರದೇ ತೋಟಾಗಳಿಗೆ ಗುಂಡು ಬೀಳುವ ಜಾಗ ಬೇರೆಯಾಗುತ್ತದೆ ಎಂಬುದೂ ನೆನಪಿರಲಿ. ಇಬ್ಬರ ತೋಟಾಗಳನ್ನೂ ರೇಂಜ್‌ನಲ್ಲಿ ಬೇರೆ ಬೇರೆಯಾಗಿ ಹಾರಿಸಿ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ರೈಫಲ್‌ನ ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಟಿಕ್ಕಾ, ರೂಗರ್, ಸ್ಯಾವೇಜ್, ವಿಂಚೆಸ್ಟರ್, ಯಾವುದರ ಬೋಲ್ಟ್ ರೈಫಲ್ಲಾದರೂ ಇಂದು ನಿಮ್ಮ ಕೈಗಿಂತ ನಿಖರವಾಗಿಯೇ ಇರುತ್ತದೆ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ 3-9×40 ಸ್ಕೋಪ್ ಸಾಕು, ಹಣವಿದ್ದರೆ ಗಾಜಿನ ಗುಣಮಟ್ಟಕ್ಕೆ ಹಾಕಿ, ವರ್ಧನೆಗೆ ಬೇಡ. 200 ಗಜಕ್ಕೆ ಗುರಿ ಹೊಂದಿಸಿ. 100 ಗಜದಲ್ಲಿ ಗುಂಡು ಸುಮಾರು ಎರಡು ಇಂಚು ಮೇಲೆ ಬೀಳುತ್ತಿದ್ದರೆ ಸರಿಯಾಗಿದೆ ಎಂದರ್ಥ.

ಆಮೇಲೆ ಮೇಜು ಬಿಟ್ಟು ಎದ್ದುಬಿಡಿ. ಒಂಬತ್ತು ಇಂಚಿನ ಕಾಗದದ ತಟ್ಟೆಗಳನ್ನು ಕಟ್ಟಿ, ಕುಳಿತು, ಮಂಡಿಯೂರಿ, ಬೆನ್ನಚೀಲದ ಮೇಲೆ ನಳಿಗೆ ಒರಗಿಸಿ ಹೊಡೆಯಿರಿ. ಸ್ವಲ್ಪ ಓಡಿ ಬಂದು, ಉಸಿರು ಏರಿಳಿಯುತ್ತಿರುವಾಗಲೂ ಹೊಡೆಯಿರಿ. ಎಲ್ಕ್ ಇರುವ ಮೂರು ಸಾವಿರ ಮೀಟರ್ ಎತ್ತರದಲ್ಲಿ ನಿಮ್ಮ ಎದೆ ಹಾಗೆಯೇ ಬಡಿದುಕೊಳ್ಳುತ್ತಿರುತ್ತದೆ. ಐದಕ್ಕೆ ಐದೂ ಗುಂಡು ತಟ್ಟೆಯೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ಅದು ನೂರೈವತ್ತು ಗಜವಾದರೆ ನೂರೈವತ್ತು. .300 ಮ್ಯಾಗ್ನಮ್ ಅದನ್ನು ಒಂದು ಗಜವೂ ಹೆಚ್ಚಿಸುವುದಿಲ್ಲ, ಅನೇಕರಿಗೆ ಕಡಿಮೆಯನ್ನೇ ಮಾಡುತ್ತದೆ.

ಪ್ರಾಣಿ ಅಡ್ಡ ನಿಂತಾಗ ಮುಂಗಾಲಿನ ಹಿಂಬದಿಯ ಗೆರೆಯಲ್ಲಿ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲಕ್ಕೆ ಗುರಿಯಿಡಿ. ನಿಮ್ಮಿಂದ ದೂರಕ್ಕೆ ಓರೆಯಾಗಿ ನಿಂತಿದ್ದರೆ ಆಚೆ ಬದಿಯ ಮುಂಗಾಲನ್ನು ಊಹಿಸಿಕೊಂಡು ಅದರತ್ತ ಹೊಡೆಯಿರಿ. ನಿಮ್ಮ ಕಡೆಗೆ ಮುಖ ಮಾಡಿದ ಎಲ್ಕ್, ಬೆನ್ನು ತಿರುಗಿಸಿ ಹೋಗುತ್ತಿರುವ ಎಲ್ಕ್, ಎರಡನ್ನೂ ಬಿಟ್ಟುಬಿಡಿ. ಗುಂಡು ಹಾರಿದೊಡನೆ ಬೋಲ್ಟ್ ಎಳೆದು ಮತ್ತೊಂದು ತೋಟಾ ತುಂಬಿ, ಪ್ರಾಣಿ ಇನ್ನೂ ನಿಂತಿದ್ದರೆ ಮತ್ತೆ ಹೊಡೆಯಿರಿ. ಮೊದಲ ಗುಂಡಿನ ಫಲ ನೋಡುತ್ತಾ ನಿಲ್ಲಬೇಡಿ. ಮರೆಯಾದರೆ ಅದು ನಿಂತಿದ್ದ ಜಾಗವನ್ನು ಒಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟುಕೊಂಡು ಅರ್ಧ ಗಂಟೆ ಕಾಯಿರಿ. ನೊರೆ ನೊರೆಯಾದ ತಿಳಿಗೆಂಪು ರಕ್ತವೆಂದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪಾದ ರಕ್ತ ಯಕೃತ್ತಿನದು, ಇನ್ನೂ ಹೆಚ್ಚು ಕಾಯಬೇಕು. ಹಸಿರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ. ಹಲವು ಗಂಟೆ ಬಿಟ್ಟು, ಸಹೋದ್ಯೋಗಿಯನ್ನು ಕರೆದುಕೊಂಡು ನಿಧಾನವಾಗಿ ಹುಡುಕಿ. ಬೇಗ ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಹೋಗಿಬಿಡುತ್ತದೆ.

ಬೀಳುವ ಜಾಗವನ್ನೂ ಯೋಚಿಸಿಯೇ ಟ್ರಿಗರ್ ಒತ್ತಿ. ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮಾಂಸವೇ ತೊಂಬತ್ತು ಕಿಲೋದಷ್ಟು ಬರುತ್ತದೆ. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ, ಮಾರುವುದೂ ಅಪರಾಧ. ಇಬ್ಬರೇ ಇದ್ದರೆ ಕಣಿವೆಯ ತಳದಲ್ಲಿ ನಿಂತ ಎಲ್ಕನ್ನು ಹೊಡೆಯುವ ಮುನ್ನ ಹತ್ತಿ ಬರಬೇಕಾದ ದಾರಿಯನ್ನೊಮ್ಮೆ ತಿರುಗಿ ನೋಡಿ. ಕೊಲರಾಡೊದ ಜಿಂಕೆ ಮತ್ತು ಎಲ್ಕ್‌ಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮೆದುಳಿನ ರೋಗವೂ ಇದೆ. ಮನುಷ್ಯರಿಗೆ ಹರಡಿದ ನಿದರ್ಶನ ದಾಖಲಾಗಿಲ್ಲ, ಆದರೂ ತಲೆಯನ್ನು ಪರೀಕ್ಷೆಗೆ ಕೊಡಿ, ರೋಗ ಕಂಡುಬಂದರೆ ಆ ಮಾಂಸವನ್ನು ತಿನ್ನಬೇಡಿ.

ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ಬಂದೂಕು ಕೊಳ್ಳಲು ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಇದನ್ನು ಓದುತ್ತಿರುವ ಎಚ್-1ಬಿ ವೀಸಾದವರಿಗೆ ಒಂದು ಎಚ್ಚರಿಕೆ: ವಲಸೆಯೇತರ ವೀಸಾ ಮೇಲೆ ಬಂದವರು ಬಂದೂಕು ಅಥವಾ ತೋಟಾ ಹೊಂದುವುದನ್ನು ಆ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಸ್ನೇಹಿತರ ಬಂದೂಕನ್ನು ಮುಟ್ಟಲೂ ಹೋಗಬೇಡಿ. ಊರಿನಲ್ಲಿ ಕೊಡವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಗೂ ಬೇಟೆಗೂ ಸಂಬಂಧವಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಲ್ಲಿ ಜಿಂಕೆಯಾಗಲಿ ಕಡವೆಯಾಗಲಿ ಹೊಡೆಯುವಂತಿಲ್ಲ. ಇಲ್ಲಿ ಕಲಿತದ್ದನ್ನು ಇಲ್ಲೇ ಬಿಟ್ಟು ಹೋಗಿ.

ಈಗ ಮಾಡಬೇಕಾದ ಮೊದಲ ಕೆಲಸ ರೈಫಲ್ ಕೊಳ್ಳುವುದಲ್ಲ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಕೊಲರಾಡೊದಲ್ಲಿ ಬೇಟೆ ಶಿಕ್ಷಣದ ಪ್ರಮಾಣಪತ್ರ ಕಡ್ಡಾಯ. ಇಬ್ಬರೂ ಈ ಚಳಿಗಾಲದಲ್ಲೇ ಅದನ್ನು ಮುಗಿಸಿ. ಜಿಂಕೆಯ ಪರವಾನಗಿ ಲಾಟರಿಯ ಮೂಲಕವೇ ಸಿಗುವುದು, ಅರ್ಜಿಯ ಗಡುವು ಏಪ್ರಿಲ್ ಆರಂಭದಲ್ಲಿ ಮುಗಿಯುತ್ತದೆ. ಅಕ್ಟೋಬರ್ ಮಧ್ಯದ ಮೊದಲ ರೈಫಲ್ ಹಂಗಾಮು ಎಲ್ಕ್‌ಗೆ ಮಾತ್ರ. ಎರಡನ್ನೂ ಒಟ್ಟಿಗೆ ಬೇಟೆಯಾಡಬೇಕೆಂದರೆ ಅಕ್ಟೋಬರ್ ಕೊನೆಯ ಎರಡನೆಯ ಹಂಗಾಮಿಗೋ ನವೆಂಬರ್‌ನ ಮೂರನೆಯದಕ್ಕೋ ಅರ್ಜಿ ಹಾಕಿ. ಸೊಂಟದಿಂದ ಮೇಲಕ್ಕೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ಜೊತೆಗೆ ಎಲ್ಲ ದಿಕ್ಕಿನಿಂದಲೂ ಕಾಣುವ ಅದೇ ಬಣ್ಣದ ಟೋಪಿ ಕಡ್ಡಾಯ. ವಾಹನದಲ್ಲಿ ಹೋಗುವಾಗ ರೈಫಲ್ಲಿನ ಚೇಂಬರ್, ಅಂದರೆ ಹಾರಿಸಲು ಸಿದ್ಧವಾಗಿ ತೋಟಾ ಕೂರುವ ಜಾಗ, ಖಾಲಿ ಇರಬೇಕು. ಅರ್ಜಿ ಹಾಕಿದ ಮೇಲೆ ಅಂಗಡಿಗೆ ಹೋಗಿ .308 ಕೊಳ್ಳಿ, ಮ್ಯಾಗ್ನಮ್‌ಗೆ ಕೊಡಬೇಕಾಗಿದ್ದ ಹೆಚ್ಚುವರಿ ಹಣಕ್ಕೆ ಅಭ್ಯಾಸದ ತೋಟಾಗಳನ್ನು ತೆಗೆದುಕೊಳ್ಳಿ, ಬೇಸಿಗೆ ಮುಗಿಯುವ ಹೊತ್ತಿಗೆ ಅವು ಖಾಲಿಯಾಗಿರಲಿ.